ಕಾರ್‌ಸ್ಟ್ರೀಟಿನಲ್ಲೊಂದು ಮಿಂಚಿನ ಓಟ!

ಬೆಳಿಗ್ಗೆ ಎಂಟೂವರೆಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಯಾವತ್ತಾದರೂ ನಿಂತಿದ್ದೀರಾ? ಇಲ್ಲವಾದರೆ ಒಮ್ಮೆ ನಿಂತು ನೋಡಿ. ಚೇಸಿಂಗ್ ನೋಡಲು ಟಿಕೆಟ್ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ! ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿ ನಿಂತ ಖಾಸಗಿ ಬಸ್ಸುಗಳು. ಬಾಗಿಲಲ್ಲಿ ಒಂಟಿಕಾಲಿನಲ್ಲಿ ಜೋತು ಬಿದ್ದು ಊರುಗಳ ಹೆಸರನ್ನು ಮಂತ್ರದ ಹಾಗೆ ಪಠಿಸುವ ಕಂಡಕ್ಟರುಗಳು. ಸೀಟಿ ಬಿತ್ತೋ... "ರೈಟ್ ಪೋಯಿ!" ಹಿಂದಿನ ಬಸ್ಸಿನವನು ಬರುವ ಮೊದಲು ಮುಂದಿನ ಸ್ಟಾಪಿನ ಜನರನ್ನು ಬಾಚಿಕೊಳ್ಳಬೇಕು. ಆಮೇಲೆ ದೇವರೇ ಗತಿ!

ಆ ದಿನ ಹೀಗೆ ನಿಂತಿದ್ದಾಗ ನನ್ನ ಜೋಳಿಗೆಯಲ್ಲಿ ಒಂದು ಖಾಲಿ ಪುಸ್ತಕವಿತ್ತು. 48 ಪುಟ, ಪೂರಾ ಬಿಳಿ. ಪ್ರೆಸ್ಸಿನವರು ಅದಕ್ಕೆ 'ಡಮ್ಮಿ' ಅನ್ನುತ್ತಾರೆ. ಅಚ್ಚಾಗಲಿರುವ ಪುಸ್ತಕ ಎಷ್ಟು ದಪ್ಪ, ಎಲ್ಲಿ ಮಡಚುತ್ತದೆ, ಯಾವ ಪುಟದ ಎದುರು ಯಾವ ಪುಟ ಬರುತ್ತದೆ ಅಂತ ತಿಳಿಯಲು ಮಾಡಿಕೊಳ್ಳುವ ಮಾದರಿ. ಈ ಬಿಳಿ ಪುಟಗಳ ಮೇಲೆ ನಾನೊಂದು ಸಿನಿಮಾ ಓಡಿಸಬೇಕಿತ್ತು. ಯಾವ ಸಿನಿಮಾ ಅಂದಿರಾ? ಶಂಕರ್‌ನಾಗ್ ಅವರ 'ಮಿಂಚಿನ ಓಟ'!

ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನ್ನ ಸ್ನೇಹಿತನಿಗೆ ಶಂಕರಣ್ಣನ ಹುಚ್ಚು. "ಇಂಗ್ಲಿಷಿನವರು ತಮ್ಮ ಕಾರ್ ಸಿನಿಮಾಗಳ ಬಗ್ಗೆ ಇಟ್ಟಿಗೆಯಂಥ ಪುಸ್ತಕ ತರ್ತಾರೆ. ನಮ್ಮದಕ್ಕೆ ಒಂದು ಚಿತ್ರಪುಸ್ತಕ ಇಲ್ವಾ ಮಾರಾಯ? ನೀನು ಬರಿ, ನೀನೇ ಡಿಸೈನ್ ಮಾಡು. ಅಚ್ಚಿನ ಖರ್ಚು ನನ್ನದು" ಅಂದ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದ ಶುಭಾಶಯಗಳನ್ನು ಕೂರಿಸಿ, ಈಗ ಪತ್ರಿಕೆಗಳಿಗೆ ಕಾಲಂ ಲೆಕ್ಕದಲ್ಲಿ ಬರೆದು ಬದುಕುವವ ನಾನು. ಬೇಡ ಅನ್ನುತ್ತೇನೆಯೇ?

ಎರಡು ಸೆಕೆಂಡಿನ ಪುಸ್ತಕ

ಒಪ್ಪಿಕೊಂಡ ರಾತ್ರಿಯೇ ಲೆಕ್ಕ ಹಾಕಿದೆ. ಎದೆ ಧಸಕ್ಕೆಂದಿತು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ. ನನ್ನ ಪುಸ್ತಕದಲ್ಲಿ ಪುಟಕ್ಕೊಂದರಂತೆ 48 ಚಿತ್ರ. ಅಂದರೆ ಇಡೀ ಪುಸ್ತಕ ತೆರೆಯ ಮೇಲೆ ಬರೀ ಎರಡು ಸೆಕೆಂಡು! ಥಿಯೇಟರಿನಲ್ಲಿ ನಾವು ಶಿಳ್ಳೆ ಹೊಡೆಯಲು ಬಾಯಿಗೆ ಬೆರಳಿಡುವಷ್ಟರಲ್ಲಿ ನನ್ನ ಪುಸ್ತಕ ಮುಗಿದೇ ಹೋಗುತ್ತದೆ. ನಿಂತ ಕಾಗದದ ಮೇಲೆ ಓಡುವ ಕಾರನ್ನು ತೋರಿಸುವುದು ಹೇಗೆ ಸ್ವಾಮೀ?

ಈಗಿನ ಹುಡುಗರಿಗಾಗಿ ಎರಡು ಮಾತು. 'ಮಿಂಚಿನ ಓಟ' ತೆರೆಕಂಡದ್ದು 1980ರಲ್ಲಿ. ಶಂಕರ್‌ನಾಗ್ ನಿರ್ದೇಶಕರಾಗಿ ಮಾಡಿದ ಮೊದಲ ಚಿತ್ರ. 1954ರ ನವೆಂಬರ್ 9ರಂದು ಹುಟ್ಟಿದ ಹೊನ್ನಾವರದ ಹುಡುಗನಿಗೆ ಆಗಿನ್ನೂ ಇಪ್ಪತ್ತೈದರ ಆಸುಪಾಸು! ಅಣ್ಣ ಅನಂತ್‌ನಾಗ್, ತಮ್ಮ ಶಂಕರ್, ಜೊತೆಗೆ ಹಿರಿಯರಾದ ಲೋಕನಾಥ್. ಕಾರು ಕದಿಯುವವರ ಕಥೆ. ಸಿಕ್ಕಿಬಿದ್ದ ಮೇಲೆ ಸೆರೆಮನೆ, ಸೆರೆಮನೆಯಿಂದ ಬಿಡುಗಡೆಯ ಹಂಬಲ. ನಾಯಕ ಅಂದರೆ ಒಳ್ಳೆಯವನೇ ಆಗಿರಬೇಕು ಎಂದಿದ್ದ ಕಾಲದಲ್ಲಿ ಕಳ್ಳರಿಗಾಗಿ ನಮ್ಮ ಕಣ್ಣು ಒದ್ದೆ ಮಾಡಿದ ಚಿತ್ರ. ರಾಜ್ಯ ಸರ್ಕಾರದ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿಯೂ ಬಂತು. ಮಾರುತಿ 800 ರಸ್ತೆಗಿಳಿದದ್ದೇ 1983ರ ಕೊನೆಗೆ. ಅದಕ್ಕೆ ಮೊದಲು ನಮ್ಮ ರಸ್ತೆಗಳಲ್ಲಿ ಕಾರು ಅಂದರೆ ಹೆಚ್ಚಾಗಿ ಅಂಬಾಸಿಡರ್, ಇಲ್ಲವೇ ಫಿಯಟ್. ಮೈಭಾರದ ಆ ಕಾರುಗಳ ಕಾಲದಲ್ಲಿ ಓಟದ ಚಿತ್ರ ಮಾಡಲು ಎದೆಗಾರಿಕೆ ಬೇಕು!

ಹೊರದೇಶದವರ ಕೆಲಸವನ್ನೂ ನೋಡಿದೆ. 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್‌ಫ್ರಾನ್ಸಿಸ್ಕೋದ ಏರುತಗ್ಗುಗಳಲ್ಲಿ ಸುಮಾರು ಹನ್ನೊಂದು ನಿಮಿಷ ಕಾರು ಹಾರಿಸುತ್ತಾರೆ. ಸಂಕಲನಕಾರ ಫ್ರಾಂಕ್ ಕೆಲ್ಲರ್‌ಗೆ ಆಸ್ಕರ್ ಬಂತು. ಆದರೆ ಕಣ್ಣಿಟ್ಟು ನೋಡಿ... ಅದೇ ಹಸಿರು ಫೋಕ್ಸ್‌ವ್ಯಾಗನ್ ಪದೇ ಪದೇ ದಾರಿಯಲ್ಲಿ ಸಿಗುತ್ತದೆ. ವಿಲನ್ ಕಾರಿನಿಂದ ಉದುರುವ ವೀಲ್‌ಕ್ಯಾಪುಗಳನ್ನು ಎಣಿಸಿದರೆ ಚಕ್ರಗಳಿಗಿಂತ ಅವೇ ಜಾಸ್ತಿ! ಒಂದೇ ಓಟವನ್ನು ಬೇರೆ ಬೇರೆ ಕ್ಯಾಮೆರಾದಲ್ಲಿ ಹಿಡಿದು ಜೋಡಿಸಿದ ಪರಿಣಾಮ. ತೆರೆಯ ಮೇಲೆ ಯಾರೂ ಎಣಿಸುವುದಿಲ್ಲ. ಪುಸ್ತಕದಲ್ಲಿ? ಓದುಗ ಪುಟ ಹಿಂದಕ್ಕೆ ತಿರುಗಿಸಿ ಎಣಿಸಿಯೇ ಎಣಿಸುತ್ತಾನೆ. ಈ ಮಾತು ನೆನಪಿಡಿ. ಮುಂದೆ ನನ್ನನ್ನು ಹಿಡಿದುಹಾಕಿದ್ದು ಇದೇ.

ಇನ್ನು ಚಿತ್ರದ ಸ್ಟಿಲ್‌ಗಳನ್ನೇ ಹಾಕಿಬಿಡೋಣವೆಂದರೆ ಕಾನೂನು ಅಡ್ಡ ಬಂತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು, ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಅಂದರೆ 2040 ಮುಗಿಯುವ ತನಕ 'ಮಿಂಚಿನ ಓಟ'ದ ಒಂದು ಫ್ರೇಮನ್ನೂ ಕೇಳದೆ ಮುಟ್ಟುವ ಹಾಗಿಲ್ಲ. ಕಾರು ಕಳ್ಳರ ಪುಸ್ತಕ ಮಾಡಲು ಹೋಗಿ ನಾನೇ ಚಿತ್ರ ಕಳ್ಳನಾಗಲೇ? ಬೇಡಪ್ಪ. ಚಿತ್ರದ ಬಗ್ಗೆ ನಾವು ಬರೆಯೋಣ; ಕಾರು, ರಸ್ತೆ, ಇಳಿಜಾರು ಎಲ್ಲ ನಮ್ಮದೇ ಊರಿನದು, ನಮ್ಮದೇ ಕೈಯಲ್ಲಿ ಬರೆಸಿದ್ದು ಇರಲಿ ಅಂತ ತೀರ್ಮಾನಿಸಿದೆ.

ಕಾರ್‌ಸ್ಟ್ರೀಟಿನ ಕಾರು

ಹೊರಗಿನಿಂದ ಬಂದವರು 'ಕಾರ್‌ಸ್ಟ್ರೀಟ್' ಅಂದಾಕ್ಷಣ ಕಾರಿನ ಶೋರೂಮುಗಳ ಬೀದಿ ಅಂದುಕೊಳ್ಳುತ್ತಾರೆ. ಅಲ್ಲ ಸ್ವಾಮೀ! ಇಲ್ಲಿ ಕಾರು ಅಂದರೆ ತೇರು. ವೆಂಕಟರಮಣ ದೇವಸ್ಥಾನದ ರಥಬೀದಿ ಇದು. ರಥಸಪ್ತಮಿಗೆ ಕೊಡಿಯಾಲ್ ತೇರು ಎಳೆಯುವಾಗ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಾವಿರಾರು ಕೈ ಎಳೆದರೂ ಗೇಣು ಗೇಣಾಗಿ ಚಲಿಸುವ ಕಾರು! ಅದರ ಎದುರು ಯಾರೂ ಬೀಳದ ಹಾಗೆ ನೋಡಿಕೊಳ್ಳಲು ಮತ್ತಷ್ಟು ಜನ.

ಆ ಬೀದಿ ದಾಟಿ ನ್ಯೂಚಿತ್ರಾ ಟಾಕೀಸಿನ ಕಡೆಗೆ ಹೋಗುವಾಗ ಒಂದು ಸಂದಿಯಲ್ಲಿ ಹಂಚಿನ ಮಾಡಿನ ಮನೆ. ಅಲ್ಲಿ ನಮ್ಮ ಪೇಂಟರ್ ಮಾಮ ಇದ್ದಾರೆ. ಒಂದು ಕಾಲದಲ್ಲಿ ಟಾಕೀಸುಗಳ ಎದುರು ಇಪ್ಪತ್ತಡಿ ಎತ್ತರದ ನಾಯಕರನ್ನು ನಿಲ್ಲಿಸಿದವರು. ಆಮೇಲೆ ಫ್ಲೆಕ್ಸ್ ಬಂತು. ಬ್ಯಾನರ್ ಬರೆಯುವವರ ಕುಂಚ ಒಣಗಿತು. ಆ ಫ್ಲೆಕ್ಸ್ ಅಂಗಡಿಗಳಲ್ಲೊಂದರಲ್ಲಿ ಸಂಬಳ ತಿಂದವ ನಾನು! ಬಾಗಿಲಲ್ಲಿ ನಿಂತು ಅದನ್ನೇ ಮೊದಲು ಹೇಳಿಬಿಟ್ಟೆ.

ಮಾಮ ಕನ್ನಡಕ ಹಣೆಗೇರಿಸಿದರು. "ನೀನು ಅಲ್ಲದಿದ್ರೆ ಇನ್ನೊಬ್ಬ ಮಾಡ್ತಿದ್ದ. ಒಳಗೆ ಬಾ. ಎಂತ ಬರೀಲಿಕ್ಕುಂಟು?"

ಅಂಬಾಸಿಡರ್ ಓಡಬೇಕು ಅಂದೆ. ಮಾಮ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೇ ಎರಡು ಗೆರೆ ಎಳೆದರು. ಎಡದಿಂದ ಬಲಕ್ಕೆ ಒಂದು ಕಾರು, ಬಲದಿಂದ ಎಡಕ್ಕೆ ಇನ್ನೊಂದು. "ಕನ್ನಡ ಓದುವವನ ಕಣ್ಣು ಎಡದಿಂದ ಬಲಕ್ಕೆ ಹೋಗ್ತದೆ. ಕಾರೂ ಹಾಗೇ ಹೋದ್ರೆ ಓಡ್ತಾ ಉಂಟು ಅಂತ ಕಾಣ್ತದೆ. ತಿರುಗಿಸಿ ಬರೆದ್ರೆ ವಾಪಸ್ ಬರ್ತಾ ಉಂಟು ಅಂತ. ಕಳ್ಳರು ಎಡದಿಂದ ಬಲಕ್ಕೆ ಓಡಿದ್ರೆ ಪೊಲೀಸರೂ ಅದೇ ದಿಕ್ಕಿಗೆ. ಒಂದು ಪುಟ ತಪ್ಪಿದ್ರೂ ಇಬ್ಬರೂ ಡಿಕ್ಕಿ ಹೊಡೀತಾರೆ!"

ಸಿನಿಮಾ ಶಾಲೆಗಳಲ್ಲಿ ವರ್ಷಗಟ್ಟಲೆ ಕಲಿಸುವ ಪಾಠ. ಮಾಮ ಒಂದು ಲೋಟ ಚಾ ಆರುವ ಮೊದಲು ಕಲಿಸಿದರು.

ಮರುದಿನ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಸ್ತೆ ಹುಡುಕಲು ಹೊರಟೆ. ನಮ್ಮ ಮಂಗಳೂರೂ ಏರುತಗ್ಗಿನ ಊರೇ. ಬಾವುಟಗುಡ್ಡದ ಮೇಲೆ ನಿಂತರೆ ಕೆಳಗೆ ಹಂಪನಕಟ್ಟೆ, ಅದರಾಚೆ ಹಳೇ ಬಂದರು, ನದಿ, ಸಮುದ್ರ. ಇಳಿಜಾರು ನೋಡಿದರೆ ಮೆಕ್ವೀನ್ ಸಾಹೇಬರಿಗೂ ಆಸೆಯಾದೀತು. ಆದರೆ ಇಲ್ಲಿ ಕಾರು ಹಾರಿಸುವುದು ಎಲ್ಲಿಂದ? ನಂತೂರಿನಲ್ಲಿ ಸಿಕ್ಕಿಬಿದ್ದರೆ ಕಳ್ಳರೂ ಪೊಲೀಸರೂ ಒಟ್ಟಿಗೆ ಇಳಿದು ಚಾ ಕುಡಿದು ಬರಬಹುದು. ಪಂಪ್‌ವೆಲ್ ಮೇಲ್ಸೇತುವೆಯಂತೂ ವರ್ಷಗಟ್ಟಲೆ ನಮ್ಮೆಲ್ಲರ ತಮಾಷೆಯ ವಸ್ತುವಾಗಿದ್ದು 2020ರ ಜನವರಿ ಕೊನೆಗೆ ತೆರೆದುಕೊಂಡಿತು. ಜ್ಯೋತಿಯಲ್ಲಿ ಇಳಿಯುವವರು ಈಗಲೂ "ಜ್ಯೋತಿ" ಅಂತಲೇ ಟಿಕೆಟ್ ಕೇಳುತ್ತಾರೆ. ಜ್ಯೋತಿ ಟಾಕೀಸು ಇಲ್ಲ. ಅದರ ಹೆಸರಿನ ಸ್ಟಾಪು ಮಾತ್ರ ಉಳಿದಿದೆ.

ಗುಡ್ಡ ಇಳಿಯುವಾಗ ಮಾಮ ಬೈಕು ನಿಲ್ಲಿಸಲು ಹೇಳಿದರು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ತೋರಿಸಿದರು. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1900ರ ಆಸುಪಾಸಿನಲ್ಲಿ ಗೋಡೆ, ಚಾವಣಿ ಎನ್ನದೆ ತುಂಬಿಸಿದ ಚಿತ್ರಗಳು ಅಲ್ಲಿವೆ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆವು. ಒಬ್ಬ ಸಂತನ ಬದುಕು, ಒಂದರ ಪಕ್ಕ ಒಂದು ಚಿತ್ರವಾಗಿ ನಡೆದುಹೋಗುತ್ತದೆ. "ನೋಡು, ನಿನ್ನ ಸಿನಿಮಾ ಬರುವ ಮೊದಲೇ ಇಲ್ಲಿ ಶೋ ನಡೀತಿತ್ತು" ಅಂದರು ಮಾಮ.

ಕಲ್ಲಿನಿಂದ ಕಾಗದಕ್ಕೆ

ಪುಸ್ತಕ ಮಾಡಲು ಮಂಗಳೂರಿಗಿಂತ ಒಳ್ಳೆಯ ಊರು ಸಿಗದು ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಬಾಸೆಲ್ ಮಿಶನ್‌ನವರು 1841ರಲ್ಲಿ ಇಲ್ಲಿ ಮುದ್ರಣ ಶುರುಮಾಡಿದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂತು. ಅದೇ ಕನ್ನಡದ ಮೊದಲ ಪತ್ರಿಕೆ. ನಾನು ಬರೆದು ನೀವು ಓದುತ್ತಿರುವ ಇಂಥ ಪುಟಗಳಿಗೆಲ್ಲ ಅದೇ ಮುತ್ತಜ್ಜ! ಕಿಟ್ಟೆಲರ ಮಹಾ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. 'ಸಮಾಚಾರ' ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ನೇರವಾಗಿ ಬರೆಯುವುದಾದರೆ ಕನ್ನಡಿಯೊಳಗಿನ ಬಿಂಬದ ಹಾಗೆ ತಿರುಗಾಮುರುಗಾ ಬರೆಯಬೇಕು. ಕಾಗದದ ಮೇಲೆ ಆಗ ಅದು ನೆಟ್ಟಗೆ ಬೀಳುತ್ತದೆ. ಬಲ್ಮಠದ ಗುಡ್ಡ ಹತ್ತುವಾಗ ಮಾಮನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಕಲ್ಲಿನಲ್ಲಿ ಓಡಿಹೋದ ಕಾರು ಕಾಗದದಲ್ಲಿ ವಾಪಸ್ ಬರ್ತದೆ" ಅಂದು ನಕ್ಕರು.

ಪ್ರೆಸ್ಸಿನ ಲೆಕ್ಕವನ್ನೂ ಕೇಳಿ. 48 ಪುಟವೆಂದರೆ 16 ಪುಟದ ಮೂರು ಫಾರಂ. ಮಡಚಿ ನಡುವೆ ಪಿನ್ ಹೊಡೆಯುತ್ತಾರೆ. ಹೀಗೆ ಕಟ್ಟಿದ ಪುಸ್ತಕದಲ್ಲಿ ಎದುರುಬದುರಾದ ಎರಡು ಪುಟಗಳು ಒಂದೇ ಅಖಂಡ ಹಾಳೆಯಾಗಿರುವುದು ನಟ್ಟನಡುವೆ ಮಾತ್ರ. ನಮ್ಮಲ್ಲಿ 24 ಮತ್ತು 25. ಉಳಿದ ಕಡೆ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದರದು. ದೊಡ್ಡ ಚಿತ್ರ ಹಾಕಿದರೆ ನಡುವೆ ಅರ್ಧ ನೂಲು ಆಚೀಚೆಯಾಗಿ ಕಾರಿನ ಸೊಂಟ ಮುರಿಯುತ್ತದೆ. ಆದ್ದರಿಂದ ದೊಡ್ಡ ಓಟ ನಡುಪುಟದಲ್ಲೇ ಅಂತ ನಿಶ್ಚಯವಾಯಿತು. ಮಳೆಗಾಲದಲ್ಲಿ ಅಚ್ಚು ಬೇಡ ಅಂದರು ಪ್ರೆಸ್ಸಿನವರು. ನಮ್ಮೂರ ಗಾಳಿಯ ತೇವ ಕುಡಿದು ಕಾಗದ ಹಿಗ್ಗುತ್ತದೆ; ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ಮಾಮ ಹನ್ನೆರಡು ದಿನ ಕೂತು ನಡುಪುಟ ಬರೆದರು. ಅಬ್ಬಾ! ಬಾವುಟಗುಡ್ಡದಂಥ ಇಳಿಜಾರು. ಕಪ್ಪು ಅಂಬಾಸಿಡರ್ ನಾಲ್ಕೂ ಚಕ್ರ ನೆಲಬಿಟ್ಟು ಹಾರುತ್ತಿದೆ. ಹಿಂದೆ ಕೆಂಪು ಧೂಳು. ಎಡ ಮೂಲೆಯಲ್ಲಿ ಒಬ್ಬ ಸೈಕಲ್ ಸವಾರ ಗಾಬರಿಯಿಂದ ಉರುಳುತ್ತಿದ್ದಾನೆ. ಅವನ ಬುಟ್ಟಿಯ ಮಾವಿನಹಣ್ಣು ರಸ್ತೆ ತುಂಬಾ. "ಬೀಳುವವ ಒಬ್ಬ ಇಲ್ಲದಿದ್ರೆ ಕಾರಿನ ಸ್ಪೀಡು ಗೊತ್ತಾಗುವುದಿಲ್ಲ" ಎಂದರು ಮಾಮ. ಬ್ಯಾನರ್ ಕಾಲದ ಅನುಭವ! ನಾನು ಕುಣಿದಾಡಿಬಿಟ್ಟೆ. ಡಮ್ಮಿಯಲ್ಲಿ ಅಂಟಿಸಿ ಮನೆಗೆ ತಂದೆ.

ಆ ಸೈಕಲ್‌ನವ ಎಲ್ಲಿ?

ನಮ್ಮ ಅಪ್ಪ 17 ವರ್ಷ ಸಿಟಿ ಬಸ್ಸು ಓಡಿಸಿದವರು. ಬಿಟ್ಟ ಮೇಲೆ ಸ್ಟಿಯರಿಂಗ್ ಮುಟ್ಟಿಲ್ಲ. ಟಿ.ವಿ.ಯಲ್ಲಿ ಚೇಸಿಂಗ್ ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಾರೆ. ಅವರಿಗೆ ತೋರಿಸುವ ಯೋಚನೆಯೇ ನನಗಿರಲಿಲ್ಲ. ರಾತ್ರಿ ಊಟ ಮುಗಿಸಿ ಬಂದಾಗ ಅವರೇ ಚಾವಡಿಯಲ್ಲಿ ಕೂತು ಡಮ್ಮಿ ತಿರುವುತ್ತಿದ್ದರು. ನಡುಪುಟ ಬಂತು. ನೋಡಿದರು. ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು.

"ಈ ಸೈಕಲ್‌ನವ ಎಲ್ಲಿ?"

"ಇಲ್ಲೇ ಇದ್ದಾನಲ್ಲ ಅಪ್ಪ, ಬೀಳ್ತಾ ಇದ್ದಾನೆ."

"ಅದು ಗೊತ್ತಾಯ್ತು. ಮುಂದಿನ ಪುಟದಲ್ಲಿ ಎಲ್ಲಿ ಅಂತ ಕೇಳಿದ್ದು."

ಮುಂದಿನ ಪುಟದಲ್ಲಿ ಕಾರು ಬೇರೆ ಬೀದಿಯಲ್ಲಿತ್ತು. ನನ್ನ ಬಾಯಿ ಕಟ್ಟಿತು.

2009ರಲ್ಲಿ ನಾನು ಆರನೆಯ ಕ್ಲಾಸು. ಅಪ್ಪನ ಬಸ್ಸಿಗೂ ಹಿಂದಿನ ಬಸ್ಸಿಗೂ ನಡುವೆ ಇದ್ದದ್ದು ನಾಲ್ಕು ನಿಮಿಷ. ತಡವಾದರೆ ಆ ಬಸ್ಸು ಬಂದು ಜನರನ್ನು ಹತ್ತಿಸಿಕೊಳ್ಳುತ್ತದೆ, ಕಲೆಕ್ಷನ್ ಬೀಳುತ್ತದೆ. ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಅಪ್ಪ ಕಾಲು ತೆಗೆಯಲಿಲ್ಲ. ಸೈಕಲ್ಲಿನಲ್ಲಿದ್ದವರು ಬದುಕಿಕೊಂಡರು, ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅಪ್ಪ ಅಂದು ರಾತ್ರಿ ಹೇಳಿದರು. ತಿಂಗಳ ಮೊದಲ ಭಾನುವಾರ ಅವರು ಬೆಳಿಗ್ಗೆಯೇ ಎದ್ದು ಹೋಗುತ್ತಾರೆ. ಗೆಳೆಯರ ಜೊತೆ ಇಸ್ಪೀಟಿಗೆ ಎಂದೇ ನಾವೆಲ್ಲ ತಿಳಿದಿದ್ದೆವು. ಅವರು ಹೋಗುತ್ತಿದ್ದುದು ಆ ಮನೆಗೆ. ಅಕ್ಕಿಯೋ ಮೀನೋ ಹಿಡಿದುಕೊಂಡು ಹೋಗಿ, ಒಂದು ಗಂಟೆ ಕೂತು ಬರುವುದು. ಇಷ್ಟು ವರ್ಷದಿಂದ!

"ಮೊದಲ ಎರಡು ವರ್ಷ ಅವರು ನನ್ನ ಹತ್ತಿರ ಮಾತಾಡ್ಲಿಲ್ಲ. ಮಾತಾಡಬೇಕು ಅಂತ ನಾನೂ ಹೋಗಿದ್ದಲ್ಲ" ಅಂದರು ಅಪ್ಪ. ಡಮ್ಮಿ ಮುಚ್ಚಿ ನನ್ನ ಕೈಗಿಟ್ಟರು. "ಚಿತ್ರ ಚಂದ ಉಂಟು. ಕಾರು ಒಳ್ಳೆ ಹಾರಿದೆ."

ಅಂದು ನಿದ್ದೆ ಬರಲಿಲ್ಲ. ಬೆಳಗಿನ ಜಾವ ಹೊಳೆಯಿತು... ಅಪ್ಪನ ಪ್ರಶ್ನೆ ಶಂಕರ್‌ನಾಗ್ ಅವರದ್ದೂ ಆಗಿತ್ತಲ್ಲ! 'ಮಿಂಚಿನ ಓಟ' ಮಾಡಿದ ಐದು ವರ್ಷಕ್ಕೆ, 1985ರಲ್ಲಿ, ಅವರು ಮಾಡಿದ ಚಿತ್ರ 'ಆಕ್ಸಿಡೆಂಟ್'. ಮತ್ತೇರಿದ ಶ್ರೀಮಂತ ಹುಡುಗರ ಕಾರು ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಕಾರು ಎಲ್ಲಿಗೆ ಹೋಯಿತು ಎನ್ನುವುದರ ಜೊತೆಗೆ, ಬಿದ್ದವರು ಏನಾದರು ಎಂದು ಕೇಳುವ ಪತ್ರಕರ್ತನ ಪಾತ್ರ ಸ್ವತಃ ಶಂಕರ್ ಅವರದು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಕಾರು ಓಡಿಸಿ ನಮ್ಮನ್ನು ಕುಣಿಸಿದವನೇ ಪುಟ ಹಿಂದಕ್ಕೆ ತಿರುಗಿಸಿ ನೋಡಿದ್ದ.

ಸೀದಾ ಮಾಮನ ಮನೆಗೆ ಹೋದೆ. "ಸೈಕಲ್‌ನವನನ್ನು ಮುಂದಿನ ಪುಟಗಳಲ್ಲೂ ಬರೀಬೇಕು ಮಾಮ. 26ರಲ್ಲಿ ಅವ ರಸ್ತೆ ಬದಿಯಲ್ಲಿ ಕೂತಿರಬೇಕು. 28ರಲ್ಲಿ ಯಾರಾದ್ರೂ ಎಬ್ಬಿಸಬೇಕು. 30ರಲ್ಲಿ ಆಟೋದಲ್ಲಿ ಆಸ್ಪತ್ರೆಗೆ ಹೊರಡಬೇಕು. ಮೇಲುಗಡೆ ಕಾರು ಓಡ್ತಾ ಇರಲಿ."

ಮಾಮ ನನ್ನ ಮುಖವನ್ನೇ ನೋಡಿದರು. "ನಲ್ವತ್ತು ವರ್ಷ ಬ್ಯಾನರ್ ಬರೆದೆ. ಬಿದ್ದವರನ್ನು ಎಬ್ಬಿಸಿ ಅಂತ ಒಬ್ಬ ಡಿಸ್ಟ್ರಿಬ್ಯೂಟರೂ ಹೇಳ್ಲಿಲ್ಲ ಮಾರಾಯ!" ಅಂದು ಕುಂಚ ಅದ್ದಿದರು.

ಕೊನೆಯ ಎರಡು ಪುಟ

ಉಳಿದದ್ದು 46, 47. ಅದನ್ನು ಯೋಚಿಸಿದಾಗೆಲ್ಲ ಕೈ ತಡೆಯುತ್ತಿತ್ತು. ಅಮೆರಿಕದ ಎಚ್.ಬಿ. ಹ್ಯಾಲಿಕಿ 1974ರಲ್ಲಿ 'ಗಾನ್ ಇನ್ 60 ಸೆಕೆಂಡ್ಸ್' ತೆಗೆದು 93 ಕಾರುಗಳನ್ನು ಜಖಂ ಮಾಡಿದಾಗ ಜಗತ್ತು ಚಪ್ಪಾಳೆ ತಟ್ಟಿತು. 1989ರಲ್ಲಿ ಅದರ ಮುಂದಿನ ಭಾಗದ ಚಿತ್ರೀಕರಣದಲ್ಲಿ ಅವರೇ ಸತ್ತರು. ಮರುವರ್ಷ, 1990ರ ಸೆಪ್ಟೆಂಬರ್ 30. ದಾವಣಗೆರೆ ಬಳಿಯ ಆನಗೋಡು. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೊರಟಿದ್ದ ಶಂಕರಣ್ಣನ ಕಾರು ಅಲ್ಲಿಂದ ಮುಂದೆ ಹೋಗಲಿಲ್ಲ. ವಯಸ್ಸು 35.

"ಕಾರು ನಜ್ಜುಗುಜ್ಜಾದ ಚಿತ್ರ ಹಾಕು, ಪುಸ್ತಕ ಓಡ್ತದೆ" ಅಂದ ನನ್ನ ಸ್ನೇಹಿತ. ದುಡ್ಡು ಹಾಕುವವ, ಅವನಿಗೂ ಭಯ ಇರುತ್ತದೆ. ಮಾಮ ಖಂಡಿತ ಆಗದು ಅಂದರು. ಇಬ್ಬರನ್ನೂ ಕರೆದುಕೊಂಡು ಹಂಪನಕಟ್ಟೆಯ ಹತ್ತಿರದ ಆಟೋ ಪಾರ್ಕಿಗೆ ಹೋದೆ. 'ಆಟೋರಾಜ' ಬಂದದ್ದೂ 1980ರಲ್ಲೇ. ಇವತ್ತಿಗೂ ಎಷ್ಟೋ ಆಟೋಗಳ ಹಿಂದೆ ಶಂಕರ್‌ನಾಗ್ ನಗುತ್ತಿದ್ದಾರೆ. ಅಲ್ಲಿದ್ದ ಚಾಲಕರೊಬ್ಬರಿಗೆ ವಿಷಯ ಹೇಳಿ, ಕೊನೆಯ ಪುಟದಲ್ಲಿ ಏನಿರಬೇಕು ಅಂತ ಕೇಳಿದೆ. ಅವರು ತಮ್ಮ ಆಟೋದ ಹಿಂದಿನ ಚಿತ್ರದ ಮೇಲಿನ ಮಳೆನೀರು ಒರೆಸುತ್ತ ಹೇಳಿದರು: "ನಾನು ಹುಟ್ಟುವಾಗ ಅವ್ರು ಇರ್ಲಿಲ್ಲ. ನಾನು ಅವ್ರನ್ನು ನೋಡಿದ್ದೆಲ್ಲ ನಗ್ತಾ ಇದ್ದದ್ದೇ. ನೀವು ಯಾಕೆ ಬೇರೆ ತೋರಿಸ್ತೀರಿ?"

ಸ್ನೇಹಿತ ತಲೆ ಕೆರೆದುಕೊಂಡ. ವಾದ ಮುಗಿಯಿತು.

ಈಗ 46, 47ರಲ್ಲಿ ಬರೀ ರಸ್ತೆ. ಎಡದಿಂದ ಬಲಕ್ಕೆ ಹೋಗುವ ಖಾಲಿ ರಸ್ತೆ, ಕೆಳಗೆ ತಾರೀಖು ಮತ್ತು ಊರಿನ ಹೆಸರು. ಕಾರಿಲ್ಲ. ದೂರದಲ್ಲಿ ರಸ್ತೆ ಬದಿ ಹಿಡಿದು ಒಬ್ಬರು ಸೈಕಲ್ಲು ತಳ್ಳಿಕೊಂಡು ಕುಂಟುತ್ತ ಹೋಗುತ್ತಿದ್ದಾರೆ. ಅದನ್ನು ನಾನು ಹೇಳಿದ್ದಲ್ಲ. ಮಾಮ ತಾವೇ ಬರೆದದ್ದು.

ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ ಅಚ್ಚು. ಕಳೆದ ಮೊದಲ ಭಾನುವಾರ ಅಪ್ಪ ಹೊರಡುವಾಗ ಡಮ್ಮಿಯನ್ನೂ ಚೀಲದಲ್ಲಿ ಹಾಕಿಕೊಂಡರು. "ಅವ್ರಿಗೆ ತೋರಿಸ್ತೇನೆ" ಅಂದರು. ನಾನೂ ಚಪ್ಪಲಿ ಮೆಟ್ಟಿದೆ. ಸ್ಟೇಟ್‌ಬ್ಯಾಂಕಿನಲ್ಲಿ ಇಬ್ಬರೂ ಬಸ್ಸು ಹತ್ತಿದೆವು. ಡ್ರೈವರ್ ಚಿಕ್ಕ ಪ್ರಾಯದವ. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಪ್ಪ ಮುಂದಿನ ಸೀಟಿನಿಂದ ಬಗ್ಗಿ ತುಳುವಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಹುಡುಗ ಕನ್ನಡಿಯಲ್ಲಿ ನೋಡಿ ನಕ್ಕ. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟ.

ಆ ಮನೆಯಲ್ಲಿ ನಡುಪುಟ ನೋಡಿ ಅವರು ಏನಂದರು ಎಂದು ಕೇಳುತ್ತೀರಾ? ಹಳೇ ಪದ್ಯಪುಸ್ತಕಗಳಲ್ಲಿ ಕಥೆಯನ್ನು ಮುಕ್ಕಾಲು ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅನ್ನುತ್ತಿದ್ದರಲ್ಲ, ಹಾಗೆ ನಾನೂ ಇಲ್ಲಿಗೆ ನಿಲ್ಲಿಸುತ್ತೇನೆ ಮಿತ್ರರೇ. ಉಳಿದದ್ದು ನಮ್ಮ ಪುಸ್ತಕದ 48ನೇ ಪುಟದಲ್ಲಿ!